ಷರಾ ಸಾಹೇಬರ ಸ್ವಂತ ವಿಳಾಸ

ಆಫೀಸಿನಲ್ಲಿ ಅವರನ್ನು ಷರಾ ಸಾಹೇಬರು ಎಂದೇ ಕರೆಯುತ್ತಿದ್ದರು. ಸಾಹೇಬಗಿರಿ ಅವರ ಹತ್ತಿರ ಸುಳಿದದ್ದೇ ಇಲ್ಲ. ಷರಾ ಮಾತ್ರ ಧಾರಾಳವಾಗಿತ್ತು. ವಿಳಾಸ ತಪಾಸಣೆ ಅವರ ಕೆಲಸ. ಯಾರೋ ಎಲ್ಲೋ ನೌಕರಿಗೋ ಬಾಡಿಗೆ ಮನೆಗೋ ಅರ್ಜಿ ಹಾಕಿದರೆ, ಆ ಮನುಷ್ಯ ತಾನು ಹೇಳಿದ ಮನೆಯಲ್ಲೇ ಇದ್ದಾನೆಯೇ ಎಂದು ಇವರು ಹೋಗಿ ನೋಡಿಕೊಂಡು ಬರಬೇಕು. ಮೊದಲು ಅಕ್ಕಪಕ್ಕದ ಇಬ್ಬರ ಹೇಳಿಕೆ, ಆಮೇಲೆ ಮನೆಯವರದು, ಬಾಗಿಲಿನ ಸಂಖ್ಯೆ ಕಾಣುವಂತೆ ಒಂದು ಫೋಟೊ, ಕೊನೆಯಲ್ಲಿ ಒಂದೇ ಸಾಲಿನ ಷರಾ. ಹೇಳಿಕೆಯನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಬೇಕು. ಫೋಟೊದಲ್ಲಿ ತಪಾಸಣೆಗಾರನ ನೆರಳೂ ಬೀಳಕೂಡದು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಸುಳ್ಳು ಷರಾ ಬರೆದವರಲ್ಲ, ಒಂದು ಫೋಟೊದಲ್ಲಿ ಕಿರುಬೆರಳು ತೋರಿಸಿದವರೂ ಅಲ್ಲ.

ಹೊರಗೆ ದಿನಕ್ಕೆ ಮೂವತ್ತು ಜನರನ್ನು ಮಾತಾಡಿಸಿ ಬರುವ ಈ ಮನುಷ್ಯ ಮನೆಗೆ ಬಂದರೆ ತುಟಿ ಎರಡು ಮಾಡುತ್ತಿರಲಿಲ್ಲ. ಹೆಂಡತಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವರು. ಅವರಿಗೆ ಬೇರೆ ಊರಿನ ಶಾಖೆಗೆ ಮುಖ್ಯಸ್ಥೆಯಾಗಿ ಹೋಗುವ ಅವಕಾಶ ಬಂತು. ಮುಂದಿನ ತಿಂಗಳ ಕೊನೆಯೊಳಗೆ ಒಪ್ಪಿಗೆ ಪತ್ರ ತುಂಬಿ ಕಳಿಸಬೇಕಿತ್ತು. ಅದರಲ್ಲಿ ‘ಜೊತೆಗೆ ಬರುವವರು’ ಎಂದೊಂದು ಖಾನೆ.

"ರೀ, ಇಲ್ಲಿ ಏನು ಬರೀಲಿ? ನೀವು ಬರ್ತೀರಾ?" ಎಂದು ತಿಂಡಿಯ ಹೊತ್ತಿಗೆ ಕೇಳಿದರು.

"ನೋಡೋಣ."

"ಯಾವಾಗ ನೋಡೋದು?"

ಅಷ್ಟರಲ್ಲಿ ಸಾಹೇಬರು ಬಾಗಿಲ ಹತ್ತಿರ ಕೂತು ಬೂಟಿನ ಲೇಸು ಕಟ್ಟುತ್ತಿದ್ದರು. ಆ ಊರಿನ ತಪಾಸಣೆ ನಾನೇ ನೋಡಿಕೊಳ್ಳುತ್ತೇನೆಂದರೆ ಅವರ ಕಚೇರಿಯಲ್ಲಿ ಬೇಡವೆನ್ನುವವರು ಯಾರೂ ಇಲ್ಲ. ಎಲ್ಲಿ ಬೇಕಾದರೂ ವಿಳಾಸಗಳಿವೆ. ಬರುವುದಿಲ್ಲ ಎನ್ನುವುದಕ್ಕೆ ಅವರಲ್ಲಿ ಕಾರಣವೇ ಇರಲಿಲ್ಲ. ಬರುತ್ತೇನೆ ಎನ್ನುವುದಕ್ಕೆ ಬಾಯಿ ತೆರೆಯಬೇಕಿತ್ತು, ಅಷ್ಟೆ.

ಮಾರನೆಯ ದಿನ ಹೆಂಡತಿ ಒಂದು ಚೀಟಿ ತಂದು ಮುಂದಿಟ್ಟರು. ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಐದು ಭಾನುವಾರ ಬರವಣಿಗೆ ಕಮ್ಮಟ: ‘ಚಿತ್ರ, ಪಠ್ಯ, ನಗರ ಮತ್ತು ನಾನು’.

"ನಿಮ್ಮ ಹೆಸರು ಕೊಟ್ಟು ಬಂದಿದೀನಿ. ಊರೋರ ಮೇಲೆಲ್ಲಾ ಅಷ್ಟು ಪುಟ ಬರೀತೀರಲ್ಲ, ನಿಮ್ಮ ಮೇಲೆ ಒಂದು ಪುಟ ಬರೀರಿ. ಬಾಯಿ ಬಿಡದೇ ಇದ್ರೂ ಪರವಾಗಿಲ್ಲ, ನಾನು ಓದ್ಕೋತೀನಿ."

ಹಾಗಾಗಿ ಷರಾ ಸಾಹೇಬರು ಸಾಹಿತ್ಯಕ್ಕೆ ಬಂದರು. ಎಷ್ಟೋ ಜನ ಇದಕ್ಕಿಂತ ಹಗುರವಾದ ಕಾರಣಕ್ಕೆ ಬಂದಿದ್ದಾರೆ.

ಕಮ್ಮಟ ನಡೆಸುತ್ತಿದ್ದ ಮೇಡಂ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಗರವನ್ನು ನೋಡುವುದು ಹೇಗೆಂದು ಕಲಿಸಲು ಬಂದವರಿಗೆ ಅದೊಂದು ವಿಚಿತ್ರ ಅಭ್ಯಾಸ. "ನಗರ ನಿಮ್ಮೊಳಗೆ ನಡೆದಾಡ್ತಾ ಇದೆ. ಅದರ ಫೋಟೊ ತೆಗೀರಿ," ಎಂದರು. ಹಲ್ಲಿನ ಡಾಕ್ಟರೊಬ್ಬರು ನಿಂತ ನೀರಿನ ಹನ್ನೊಂದು ಫೋಟೊ ತೆಗೆದುಕೊಂಡು ಬಂದು, ಪ್ರತಿಯೊಂದರಲ್ಲೂ ತಮ್ಮ ಬಾಲ್ಯ ಕಾಣುತ್ತಿದೆ ಎಂದರು. ನಿವೃತ್ತ ಟೀಚರೊಬ್ಬರು ಫುಟ್‌ಪಾತಿನ ಮೇಲೆ ತಮ್ಮ ಪಾದದ ಫೋಟೊ ತೆಗೆದು ಅದರ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದರು. ಎಲ್ಲರೂ ತಲೆದೂಗಿದರು.

ಸಾಹೇಬರು ಬಸ್ ನಿಲ್ದಾಣದ ಫೋಟೊ ಕೊಟ್ಟರು. ಕೆಳಗೆ ಬರೆದಿದ್ದರು: ‘ಬೆಂಚು ಇದೆ. ಒಂದು ಕಾಲು ಇಲ್ಲ. ಹತ್ತಿರದ ಅಂಗಡಿಯವರ ಪ್ರಕಾರ ಎರಡು ವರ್ಷದಿಂದ ಇಲ್ಲ. ಜನ ಕೂರುತ್ತಿದ್ದಾರೆ.’

"ಎಂಥ ಸಂಯಮ!" ಎಂದರು ಮೇಡಂ, ಕಣ್ಣು ಮುಚ್ಚಿ. "ಆದ್ರೆ ಸಾರ್, ಇದರಲ್ಲಿ ನೀವೆಲ್ಲಿ?"

"ಫೋಟೊ ಹಿಂದೆ, ಮೇಡಂ. ಮುಂದೆ ಬರೋ ಹಾಗಿಲ್ಲ."

ಸಭಾಂಗಣದ ತುಂಬಾ ‘ಆಹಾ’ ಎದ್ದಿತು. ಡಾಕ್ಟರು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು. ಮುಂದಿನ ಭಾನುವಾರಗಳಲ್ಲೂ ಇದೇ ಕಥೆ. ಸಾಹೇಬರು ಇದ್ದದ್ದನ್ನು ಇದ್ದ ಹಾಗೆ ಬರೆದು ತರುವುದು, ಉಳಿದವರು ಅದರಲ್ಲಿ ಇಲ್ಲದ್ದನ್ನೆಲ್ಲ ಕಂಡು ಮೂಕರಾಗುವುದು. ಮನೆಗೆ ಹೋದರೆ ಹೆಂಡತಿ ಪುಟಗಳನ್ನು ಓದಿ, "ಬೆಂಚಿನ ವಿಷಯ ಗೊತ್ತಾಯ್ತು. ನಿಮ್ಮದು?" ಎಂದು ಕೇಳಿ ಮಡಚಿಡುತ್ತಿದ್ದರು. ಒಪ್ಪಿಗೆ ಪತ್ರ ಫ್ರಿಜ್ಜಿನ ಮೇಲೆ ಹಾಗೇ ಇತ್ತು.

ನಾಲ್ಕನೆಯ ಭಾನುವಾರ ಮೇಡಂ ಕೊನೆಯ ಅಭ್ಯಾಸ ಕೊಟ್ಟರು. "ನಿಮ್ಮದೇ ಬೀದಿಗೆ ಅಪರಿಚಿತರ ಹಾಗೆ ಹೋಗಿ. ನಿಮ್ಮನ್ನ ಹುಡುಕಿ. ಒಂದು ಚಿತ್ರ, ಒಂದು ಪುಟ."

ಉಳಿದವರು ಇದನ್ನು ಕವಿತೆ ಬರೆಯಲು ಸಿಕ್ಕ ಅನುಮತಿ ಎಂದುಕೊಂಡರು. ಷರಾ ಸಾಹೇಬರು ಮಾತ್ರ ಕೆಲಸದ ಆದೇಶ ಎಂದುಕೊಂಡರು. ಮನುಷ್ಯನನ್ನು ಹುಡುಕುವ ದಾರಿ ಅವರಿಗೆ ಗೊತ್ತಿದ್ದದ್ದು ಒಂದೇ. ಗುರುವಾರ ಹನ್ನೊಂದು ಗಂಟೆಗೆ, ಹೆಗಲಿಗೆ ಚೀಲ, ಕೈಯಲ್ಲಿ ನಮೂನೆಯ ಹಾಳೆ, ಹಾಳೆಯ ಮೂಲೆಗೆ ತಮ್ಮದೇ ಪಾಸ್‌ಪೋರ್ಟ್ ಅಳತೆಯ ಫೋಟೊ ಅಂಟಿಸಿಕೊಂಡು, ತಮ್ಮ ಬೀದಿಯ ತುದಿಯಿಂದ ನಡೆದು ಬಂದರು.

ಅವರ ಮನೆ ಮೊದಲನೇ ಮಹಡಿಯಲ್ಲಿ. ಕೆಳಗೆ ದರ್ಜಿ ಅಂಗಡಿ. ದರ್ಜಿ ಅಂಗಡಿ ತೆರೆಯುವ ಮೊದಲೇ ಸಾಹೇಬರು ಹೊರಡುತ್ತಿದ್ದರು, ಮುಚ್ಚಿದ ಮೇಲೆ ಬರುತ್ತಿದ್ದರು, ಭಾನುವಾರ ಅಂಗಡಿಗೆ ರಜೆ. ಹೀಗೆ ಹನ್ನೊಂದು ವರ್ಷ.

"ಈ ಫೋಟೊದಲ್ಲಿರೋರು ಮೇಲಿನ ಮನೇಲಿ ವಾಸ ಇದಾರಾ?"

ದರ್ಜಿ ಕನ್ನಡಕ ಮೇಲೆತ್ತಿ ನೋಡಿದ. ಫೋಟೊವನ್ನು ನೋಡಿದ, ಫೋಟೊ ಹಿಡಿದವರನ್ನು ನೋಡಲಿಲ್ಲ. ಕೇಳುವವರನ್ನು ಯಾರೂ ನೋಡುವುದಿಲ್ಲ. "ಇಲ್ಲ ಸಾರ್. ಅದು ಲ್ಯಾಬ್ ಮೇಡಂ ಮನೆ. ಅವರೊಬ್ಬರೇ ಇರೋದು. ಯಜಮಾನ್ರು ಬೇರೆ ಊರಲ್ಲಿ ಇದಾರೇನೋ ಪಾಪ, ಯಾವತ್ತೂ ಕಂಡಿಲ್ಲ."

ಸಾಹೇಬರು ಅಕ್ಷರಶಃ ಬರೆದುಕೊಂಡರು. ‘ಪಾಪ’ ಎಂಬುದನ್ನೂ ಬಿಡಲಿಲ್ಲ. ಪಾಪ ಯಾರಿಗೆ ಎಂದು ಕೇಳುವ ಧೈರ್ಯ ಬರಲಿಲ್ಲ.

ಎದುರು ಮನೆಯ ಅಜ್ಜಿ ಬಾಲ್ಕನಿಯಲ್ಲಿ ಕೂತಿದ್ದರು. ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು, ಗೊತ್ತಾಗಲ್ಲ ಎಂದರು. ಆಮೇಲೆ ಸಾಹೇಬರನ್ನು ಅನುಮಾನದಿಂದ ನೋಡಿ, "ಸ್ವಲ್ಪ ಆ ಕಡೆ ತಿರುಗಿ ನಿಂತ್ಕೋಪ್ಪ," ಎಂದರು. ಸಾಹೇಬರು ತಿರುಗಿದರು.

"ಹಾಂ! ಇದೇ ಬೆನ್ನು! ದಿನಾ ಬೆಳಿಗ್ಗೆ ಮೆಟ್ಟಿಲು ಇಳಿದು ಹೋಗುತ್ತಲ್ಲ! ಮುಖ ಇದೇ ಮೊದಲು ನೋಡ್ತಿರೋದು. ಚೆನ್ನಾಗೇ ಇದೆಯಲ್ಲಪ್ಪ, ಯಾಕೆ ಬಚ್ಚಿಟ್ಕೊಂಡಿದೀಯ?"

ಇನ್ನು ಉಳಿದದ್ದು ಮನೆಯವರ ಹೇಳಿಕೆ. ಗುರುವಾರ ಹೆಂಡತಿಗೆ ವಾರದ ರಜೆ. ಜೇಬಿನಲ್ಲಿ ಕೀಲಿ ಇದ್ದರೂ ಸಾಹೇಬರು ಬೆಲ್ ಒತ್ತಿದರು. ಬಾಗಿಲು ತೆರೆದ ಹೆಂಡತಿ ಗಂಡನನ್ನು ನೋಡಿದರು, ಹಾಳೆಯನ್ನು ನೋಡಿದರು, ಹಾಳೆಯ ಮೇಲಿನ ಗಂಡನನ್ನು ನೋಡಿದರು.

"ತಪಾಸಣೆಗೆ ಬಂದಿದೀನಿ," ಎಂದರು ಸಾಹೇಬರು.

ಹೆಂಡತಿ ನಗಲಿಲ್ಲ. "ಕೇಳಿ."

"ಅರ್ಜಿದಾರರು ಇಲ್ಲಿ ವಾಸ ಇದಾರಾ?"

ಅವರು ಬಾಗಿಲಿಗೆ ಒರಗಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದನ್ನು ನೋಡುವುದೇ ಸಾಹೇಬರಿಗೆ ಕಷ್ಟವಾಯಿತು. "ಅವರ ಬಟ್ಟೆ ಇದೆ. ಹಲ್ಲುಜ್ಜೋ ಬ್ರಷ್ ಇದೆ. ಊಟಕ್ಕೆ ಬರ್ತಾರೆ, ಮಲಗ್ತಾರೆ. ಆದ್ರೆ ವಾಸ ಇದಾರೆ ಅಂತ ಬರ್ಕೋಬೇಡಿ. ನಾನು ಸಹಿ ಹಾಕಲ್ಲ."

ಸಾಹೇಬರು ಬರೆದುಕೊಂಡರು. ಪೆನ್ನು ಎರಡು ಸಲ ನಿಂತಿತು.

"ಆಮೇಲೆ ಫೋಟೊ ಅಲ್ವಾ? ಅರ್ಜಿದಾರರು ಸಿಗದೇ ಇದ್ರೆ ಹೇಗೆ ತೆಗೀತೀರಿ?"

"ಮುಚ್ಚಿದ ಬಾಗಿಲದು."

ಹೆಂಡತಿ ಮೆಲ್ಲಗೆ ಬಾಗಿಲು ಮುಚ್ಚಿದರು. ಹತ್ತೊಂಬತ್ತು ವರ್ಷಗಳಲ್ಲಿ ಸಾವಿರಾರು ಮುಚ್ಚಿದ ಬಾಗಿಲುಗಳ ಫೋಟೊ ತೆಗೆದವರು ಇದರದೂ ಒಂದು ತೆಗೆದರು. ಸಂಕಟವಾಯಿತು ಅವರಿಗೆ, ಸಂಕಟಕ್ಕೆ ನಮೂನೆಯಲ್ಲಿ ಖಾನೆ ಇರಲಿಲ್ಲ. ಷರಾ ಬರೆಯುವಾಗ ಒಂದು ಸುಳ್ಳು ಬರೆದುಬಿಡಲೇ ಎನ್ನಿಸಿತು. ಯಾರು ಕೇಳಬೇಕು, ಇದೇನು ಕಚೇರಿಯ ಕಡತವೇ? ಕೊನೆಗೆ ಅಭ್ಯಾಸಬಲವೇ ಗೆದ್ದಿತು: ‘ಅರ್ಜಿದಾರರು ಕೊಟ್ಟ ವಿಳಾಸದಲ್ಲಿ ವಾಸವಿಲ್ಲ.’

ಭಾನುವಾರ ಅದನ್ನು ಕಮ್ಮಟದಲ್ಲಿ ಓದಿದರು. ಡಾಕ್ಟರು ಕಣ್ಣೊರೆಸಿಕೊಂಡರು. ಮೇಡಂ ಐದು ವಾರಗಳಲ್ಲಿ ಮೊದಲ ಬಾರಿಗೆ ಕಣ್ಣು ಪೂರ್ತಿ ತೆರೆದು, "ನಗರದಲ್ಲಿ ‘ನಾನು’ ಕರಗಿ ಹೋಗೋದಕ್ಕೆ ಇದಕ್ಕಿಂತ ದೊಡ್ಡ ರೂಪಕ ಉಂಟಾ!" ಎಂದರು.

"ರೂಪಕ ಅಲ್ಲ ಮೇಡಂ, ವರದಿ," ಎಂದರು ಸಾಹೇಬರು.

ಚಪ್ಪಾಳೆಯೋ ಚಪ್ಪಾಳೆ. ವರದಿಗೆ ಚೌಕಟ್ಟು ಹಾಕಿ ಗೋಡೆಯ ನಡುಮಧ್ಯೆ ತೂಗುಹಾಕಿದರು.

ಮಧ್ಯಾಹ್ನ ಕಮ್ಮಟದ ಸಮಾರೋಪ ಪ್ರದರ್ಶನಕ್ಕೆ ಹೆಂಡತಿ ಬಂದರು. ಡಾಕ್ಟರರ ಬಾಲ್ಯವನ್ನೂ ಟೀಚರರ ಪಾದವನ್ನೂ ದಾಟಿ ತಮ್ಮ ಮನೆಯ ಬಾಗಿಲ ಮುಂದೆ ನಿಂತು, ಮೇಲಿನಿಂದ ಕೆಳಗಿನವರೆಗೆ ಓದಿದರು.

"ಸುಳ್ಳು ಬರೀಬಹುದಿತ್ತು ನೀವು."

"ಅಭ್ಯಾಸ ಇಲ್ಲ."

"ಕೆಳಗೆ ಇದೊಂದು ಖಾನೆ ಖಾಲಿ ಇದೆಯಲ್ಲ?"

"ಅದು ಮರುತಪಾಸಣೆ. ಹದಿನೈದು ದಿನದೊಳಗೆ ಇನ್ನೊಂದು ಸಲ ಹೋಗಿ ನೋಡಬಹುದು. ಅರ್ಜಿದಾರರು ತಾವೇ ಬಂದು ಬಾಗಿಲು ತೆಗೀಬೇಕು. ಇಲ್ಲಾಂದ್ರೆ ಕಡತ ಮುಚ್ಚಿದ ಹಾಗೆ."

"ನಾಳೆ ಐದು ಗಂಟೆಯೊಳಗೆ ನಾನು ಪತ್ರ ಕಳಿಸಬೇಕು," ಎಂದರು ಹೆಂಡತಿ. "ನಾಲ್ಕಕ್ಕೆ ಮನೆ ಹತ್ತಿರ ಬರ್ತೀನಿ. ಬೆಲ್ ಮಾಡ್ತೀನಿ."

ಸೋಮವಾರ ಷರಾ ಸಾಹೇಬರು ಮಧ್ಯಾಹ್ನದ ಮೇಲೆ ರಜೆ ಹಾಕಿದರು. ಆಫೀಸಿನವರು ಯಾರೋ ತೀರಿಕೊಂಡರೆಂದು ತಿಳಿದರು. ವಾರದ ದಿನ ಹಗಲಿನಲ್ಲಿ ತಮ್ಮ ಮನೆ ಹೇಗಿರುತ್ತದೆಂದು ಅವರು ನೋಡಿರಲೇ ಇಲ್ಲ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ಬಂದು ಊಟದ ಮೇಜಿನ ಒಂದೇ ಕುರ್ಚಿಯ ಮೇಲೆ ಬೀಳುತ್ತಿತ್ತು. ಅದರ ಬಟ್ಟೆ ಮಾಸಿತ್ತು, ಎದುರಿನದು ಹೊಸದರ ಹಾಗೇ ಇತ್ತು. ಹೊಸದು ಅವರದು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಈ ಸದ್ದನ್ನು ಕೇಳುತ್ತಾ ಒಬ್ಬಳೇ ಎಷ್ಟು ಗುರುವಾರ ಕೂತಿದ್ದಾಳೋ ಎಂದುಕೊಂಡು ಅವರು ಮಾಸಿದ ಕುರ್ಚಿಯಲ್ಲಿ ಕೂತರು.

ನಾಲ್ಕಕ್ಕೆ ಬೆಲ್ ಆಯಿತು. ಸಾಹೇಬರು ಎದ್ದು ಹೋಗಿ ಬಾಗಿಲು ತೆರೆದರು. ಹೆಂಡತಿಯ ಕೈಯಲ್ಲಿ ನಮೂನೆಯ ಹಾಳೆ, ಕಿವಿಯ ಮೇಲೆ ಪೆನ್ನು.

"ಅರ್ಜಿದಾರರು ನೀವೇನಾ?"

"ಹೌದು."

"ಈ ಮನೇಲಿ ಎಷ್ಟು ವರ್ಷದಿಂದ ವಾಸ?"

ಹನ್ನೊಂದು ಎನ್ನಲು ಬಾಯಿ ತೆರೆದವರು ತಡೆದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲವಲ್ಲ.

"ಇವತ್ತು ಮಧ್ಯಾಹ್ನದಿಂದ."

ಹೆಂಡತಿ ಕಿವಿಯ ಮೇಲಿನ ಪೆನ್ನು ತೆಗೆದರು. ಬರೆದುಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು.

"ಆ ಊರಿಗೆ ನಾನೂ ಬರ್ತೀನಿ ಕಣೇ," ಎಂದರು ಸಾಹೇಬರು, ಯಾರೂ ಕೇಳದೆಯೇ. "ಐದು ವಾರದ ಹಿಂದೇನೇ ಹೇಳ್ಬೇಕಿತ್ತು."

ಹೆಂಡತಿ ಒಳಗೆ ಬಂದು ಫ್ರಿಜ್ಜಿನ ಮೇಲಿಂದ ಒಪ್ಪಿಗೆ ಪತ್ರ ತೆಗೆದು ಮೇಜಿನ ಮೇಲೆ ಹರಡಿದರು. ‘ಜೊತೆಗೆ ಬರುವವರು’ ಎಂಬಲ್ಲಿ ‘ಒಬ್ಬರು’ ಎಂದು ಬರೆದರು. ಪೆನ್ನು ಎತ್ತಿ, ಹೊಸದರಂತಿದ್ದ ಕುರ್ಚಿಯನ್ನೊಮ್ಮೆ ನೋಡಿ, ಪಕ್ಕದಲ್ಲಿ ಚಿಕ್ಕದಾಗಿ ಇನ್ನೊಂದು ಮಾತು ಸೇರಿಸಿದರು: ‘ಮರುತಪಾಸಣೆಗೆ ಒಳಪಟ್ಟು’.