ಫ್ರೂಮೆ ಪಾರಾಯಣ ನಿಲ್ಲಿಸಿದ್ದು

ನಮ್ಮ ಯೆಹೂದಿಗಳಲ್ಲಿ ಅನ್ಯಾಯಕ್ಕೆ ಒಳಗಾದವರು ಯಾರೇ ಇರಲಿ, ಶನಿವಾರ, ಸಬ್ಬತ್ತಿನ ದಿನ, ಮಂದಿರದಲ್ಲಿ ಮೇಜು ಬಡಿದು ನಮ್ಮ ಧರ್ಮಗ್ರಂಥವಾದ ತೋರಾದ ಪಾರಾಯಣ ನಿಲ್ಲಿಸಬಹುದು. ದೂರು ತೀರುವ ತನಕ ಓದುವ ಹಾಗಿಲ್ಲ. ಓದುವವನು ನಾನು. ಖಾಲಿ ಹೊಟ್ಟೆಯಲ್ಲಿ ಸುರುಳಿಯ ಮುಂದೆ ನಿಂತು ಊರ ಜಗಳವನ್ನೆಲ್ಲ ಕೇಳುವುದು ನನ್ನ ಹಣೆಬರಹ.

ಆ ಚಳಿಗಾಲದ ಜಗಳ ಸೌದೆಯದು. ಜಮೀನ್ದಾರ ತನ್ನ ಕಾಡಿನಲ್ಲಿ ಉದುರಿದ ಪುಳ್ಳೆ ಆರಿಸಿಕೊಳ್ಳಲಷ್ಟೇ ನಮ್ಮನ್ನು ಬಿಡುತ್ತಿದ್ದ. ಒಣಗಿದ ಮರಗಳನ್ನೂ ಕೇಳಿ ಎಂದು ನಾವೇ ದುಂಬಾಲು ಬಿದ್ದು ನಮ್ಮ ಮುಖಂಡ ಗೆಟ್ಸೆಲ್‌ನನ್ನು ಕಳಿಸಿದೆವು. ಜಮೀನ್ದಾರ ರೇಗಿ, ಇನ್ನು ಪುಳ್ಳೆಯನ್ನೂ ಮುಟ್ಟಕೂಡದು ಎಂದುಬಿಟ್ಟ.

ಆ ವಾರ ಓದಬೇಕಿದ್ದದ್ದೂ ಅದೇ ಕಥೆ. ಗುಲಾಮರಾಗಿದ್ದ ನಮ್ಮವರನ್ನು ಬಿಡು ಎಂದು ಮೋಶೆ ಹೋಗಿ ಕೇಳುತ್ತಾನೆ, ಈಜಿಪ್ಟಿನ ದೊರೆ ಫರೋಹ ಇಟ್ಟಿಗೆಗೆ ಕೊಡುತ್ತಿದ್ದ ಹುಲ್ಲನ್ನೂ ನಿಲ್ಲಿಸುತ್ತಾನೆ. ನಾನು ಸುರುಳಿ ಬಿಚ್ಚುವಷ್ಟರಲ್ಲಿ ಹೆಂಗಸರು ಕೂರುವ ಅಟ್ಟದಿಂದ ಫ್ರೂಮೆ ದಡದಡ ಇಳಿದು ಬಂದು ಮೇಜು ಬಡಿದಳು. ಬ್ರೆಡ್ಡು ಸುಡುವ ವಿಧವೆ. ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಇಡೀ ಊರಿನ ಅಂದಿನ ಊಟದ ಗಡಿಗೆಗಳು ಶುಕ್ರವಾರ ಸಂಜೆಯಿಂದ ಅವಳ ಒಲೆಯಲ್ಲೇ ಬೇಯುತ್ತವೆ.

"ಗೆಟ್ಸೆಲ್ ಅವ್ರೇ, ಸೌದೆ ತನ್ನಿ ಅಂತ ಕಳಿಸಿದ್ರೆ ಇದ್ದ ಪುಳ್ಳೆನೂ ಕಳಕೊಂಡು ಬಂದ್ರಲ್ಲ. ಅಲ್ಲಿ ಏನ್ ಮಾಡ್ತಿದ್ರಿ, ಜಮೀನ್ದಾರನ ನಾಯಿ ಮೈ ಸವರ್ತಿದ್ರಾ?"

ಮಿಕ್ಕವರಿಗೆ ಇಷ್ಟು ಸಾಕಾಯಿತು. ಗೆಟ್ಸೆಲ್‌ಗೆ ಮಾತೇ ಬರುವುದಿಲ್ಲ ಎಂದ ದರ್ಜಿ. ಮಾತು ಹೆಚ್ಚಾಯಿತು ಎಂದ ಕಟುಕ. ಹೇಗೂ ನಿಂತಿದ್ದೇನಲ್ಲ ಎಂದು ನಾನೂ ಒಂದು ಮಾತು ಸೇರಿಸಿದೆ. ಗೆಟ್ಸೆಲ್ ಮುಖ ಸಣ್ಣಗೆ ಮಾಡಿಕೊಂಡು, ಇವತ್ತಿಗೆ ಈ ಮುಖಂಡತನ ಸಾಕು, ಬೇರೆಯವರನ್ನು ನೋಡಿಕೊಳ್ಳಿ ಎಂದ. ಕೂಡಲೇ ಎಲ್ಲರೂ ತಂತಮ್ಮ ಬೂಟು ನೋಡತೊಡಗಿದರು.

ಆಗ ಮೂಲೆಯಲ್ಲಿದ್ದ ನಮ್ಮ ಗುರುಗಳು ಬಾಯಿ ಬಿಟ್ಟರು. ಈಜಿಪ್ಟಿನಲ್ಲೂ ಮೇಸ್ತ್ರಿಗಳು ಮೋಶೆಯನ್ನು ಹೀಗೇ ಬೈದರು, ದೇವರು ಅವರ ಮೇಲೆ ಸಿಟ್ಟಾಗಲಿಲ್ಲ ಎಂದರು. ಇಟ್ಟಿಗೆ ಕಡಿಮೆ ಬಿದ್ದಾಗ ಆ ಮೇಸ್ತ್ರಿಗಳು ಕೂಲಿಯವರನ್ನು ಹೊಡೆಯದೆ ಏಟನ್ನು ತಾವೇ ತಿಂದಿದ್ದರಂತೆ.

"ಏಟು ತಿಂದೋರು ಬೈಲಿ. ಇಲ್ಲಿ ತಿಂದೋರು ಯಾರು? ನಿನ್ನೆ ಫ್ರೂಮೆ ಒಲೆ ಯಾತರಲ್ಲಿ ಉರೀತು ಅಂತ ಒಬ್ಬರಾದ್ರೂ ಕೇಳಿದ್ರಾ?" ಎಂದರು ಗುರುಗಳು.

ಯಾರೂ ಕೇಳಿರಲಿಲ್ಲ.

"ಯಾತರಲ್ಲೋ ಉರೀತು. ಗಡಿಗೆ ಬಿಸಿ ಇದ್ರೆ ಸಾಲದಾ?" ಎಂದು ಸಿಡುಕಿದಳು ಫ್ರೂಮೆ. ಅಷ್ಟರಲ್ಲಿ ಅವಳ ಪಕ್ಕದ ಮನೆಯವಳು ಅಟ್ಟದಿಂದ ಬಗ್ಗಿ, ಫ್ರೂಮೆ ತನ್ನ ಮಂಚವನ್ನೇ ಸೀಳಿ ಒಲೆಗೆ ಹಾಕಿದಾಳೆ, ರಾತ್ರಿ ನೆಲದ ಮೇಲೆ ಮಲಗಿದ್ದಳು ಎಂದಳು. ಬೆಳಗಿನಿಂದ ಆ ಗಡಿಗೆಯನ್ನೇ ನೆನೆಯುತ್ತಿದ್ದ ನನಗೆ ನಾಚಿಕೆಯಾಯಿತು.

"ನೀನು ಬೈದಿದ್ದು ನ್ಯಾಯ ಕಣಮ್ಮ," ಎಂದ ಗೆಟ್ಸೆಲ್. "ಅದಕ್ಕೇ ಬಿಡ್ತಿದೀನಿ."

"ಬಿಡಿ ಅಂತ ಯಾರಂದ್ರು? ಬೈಬೇಕಿತ್ತು, ಬೈದೆ. ನಾಳೆ ಮತ್ತೆ ಹೋಗಿ. ನಾನೂ ಜೊತೆಗೆ ಬರ್ತೀನಿ. ಸುಡೋಕೆ ನನ್ನ ಹತ್ರ ಇನ್ನೊಂದು ಮಂಚ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಏನು ನೋಡ್ತಾ ನಿಂತಿದೀಯ, ಓದು ಎಂದು ಗದರಿ ಮೇಲೆ ಹತ್ತಿದಳು.

ಓದಿದೆ. ಮೇಸ್ತ್ರಿಗಳು ಮೋಶೆಯನ್ನು ಬೈಯುವ ಸಾಲು ಬಂದಾಗ ಗಂಡಸರೆಲ್ಲ ಮತ್ತೆ ತಂತಮ್ಮ ಬೂಟು ನೋಡಿಕೊಂಡರು. ಅಟ್ಟದಿಂದ ಮಾತ್ರ ಗಟ್ಟಿಯಾಗಿ ಒಂದು ಆಮೆನ್ ಬಂತು. ಆ ಸಾಲಿಗೆ ಆಮೆನ್ ಹೇಳುವ ಪದ್ಧತಿ ನಮ್ಮಲ್ಲಿ ಎಲ್ಲೂ ಇಲ್ಲ.