ಹಡಗಿನ ಮೇಲೆ ಫ್ರೀ

ನಮ್ಮ ಯಜಮಾನರು ಲಂಡನ್ನಿಗೆ ಹೊರಟ ಸುದ್ದಿ ನನಗಿಂತ ಮೊದಲು ಎದುರು ಮನೆಯ ಹುಚ್ಚಮ್ಮನಿಗೆ ಗೊತ್ತಾಯಿತು. ನನ್ನ ಸಿಟ್ಟು ಶುರುವಾದದ್ದೇ ಅಲ್ಲಿಂದ.

ಇವರು ಸೊರಬದ ಗುಡಿಗಾರರು, ಶ್ರೀಗಂಧದ ಕೆತ್ತನೆ ಕಸುಬು. ಐವತ್ತೆಂಟನೇ ಇಸವಿಯಲ್ಲಿ ಬೊಂಬಾಯಿಯ ಏಜೆಂಟನೊಬ್ಬ ಬಂದು, ಲಂಡನ್ನಿನ ದೊರೆಸಾನಿಯೊಬ್ಬಳಿಗೆ ಗಂಧದ ಪೆಟ್ಟಿಗೆ ಬೇಕೆಂದ. "ಎಫ್.ಓ.ಬಿ. ಬೊಂಬಾಯಿ. ಫ್ರೀ ಆನ್ ಬೋರ್ಡ್" ಎಂದು ಒತ್ತಿ ಒತ್ತಿ ಹೇಳಿದ. ಇವರು ಗೋಣು ಹಾಕಿದರು. ಗೊತ್ತಿಲ್ಲ ಅನ್ನುವುದು ಇವರ ಜಾಯಮಾನದಲ್ಲೇ ಇಲ್ಲ! ಆಮೇಲೆ ಶಿರಾಳಕೊಪ್ಪದ ಸಂತೆಗೆ ಹೋದಾಗ ಅಂಗಡಿ ವೀರಬಸಪ್ಪನನ್ನು ಕೇಳಿದರು.

"ಫ್ರೀ ಅಂದ್ರ ಪುಕ್ಕಟೆ. ಆನ್ ಬೋರ್ಡ್ ಅಂದ್ರ ಹಡಗಿನ ಮ್ಯಾಲೆ" ಎಂದನಂತೆ ಆತ.

ತಗೊಳ್ಳಿ, ಪೆಟ್ಟಿಗೆಯ ಜತೆಗೆ ಇವರಿಗೂ ಹಡಗಿನಲ್ಲಿ ಪುಕ್ಕಟೆ ಪ್ರಯಾಣ ಎಂದು ತೀರ್ಮಾನವಾಯಿತು.

"ಅಲ್ರೀ, ಪುಕ್ಕಟೆ ಕರ್ಕೊಂಡು ಹೋಗಕ್ಕೆ ಅವರೇನು ನಮ್ಮಪ್ಪನ ಮನೆಯೋರಾ?" ಎಂದೆ.

"ಪೆಟ್ಟಿಗೆ ಒಂದೇ ಹೋದ್ರೆ ಅದರ ಗುಟ್ಟಿನ ಚಿಲಕ ತೆಗೆಯೋದು ಯಾರು ತೋರಿಸ್ತಾರೇ?" ಎಂದರು. ಅದೂ ಹೌದೆನ್ನಿಸಿತು.

ಬಸ್ಸಿನ ಹತ್ತಿರ ಊರಿಗೆ ಊರೇ ಸೇರಿತ್ತು. ಪಕ್ಕದ ಮನೆಯ ಸುಬ್ಬಪ್ಪ ಹಾರ ಹಾಕಿ ಕೈಗಡಿಯಾರ ತರಲು ಹೇಳಿದ. ಹುಚ್ಚಮ್ಮ ದೊರೆಸಾನಿಗೆಂದು ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕೊಟ್ಟಳು. ನಾನು ಮುಖ ತಿರುಗಿಸಿಕೊಂಡೇ ಕಂಬಳಿ ಕೊಟ್ಟೆ. ಬಸ್ಸು ಹೋದ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ.

ಮುಂದಿನ ವಾರ ಮಟಮಟ ಮಧ್ಯಾಹ್ನ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಇವರು! ಆ ಬಿಸಿಲಿನಲ್ಲಿ ತಲೆತುಂಬ ಕಂಬಳಿ ಹೊದ್ದಿದ್ದರು. ಯಾರಾದರೂ ನೋಡಿಯಾರೆಂದು ಊರಿಗೆ ಮುಂಚೆ ಸಿಗುವ ಉಳವಿಯಲ್ಲೇ ಬಸ್ಸಿಳಿದು, ಗದ್ದೆ ಬದುವಿನ ಮೇಲೆ ನಡೆದು ಬಂದಿದ್ದರು.

"ಹಡಗಿನ ಕಟಕಟೆ ದಾಟೋ ತನಕ ಖರ್ಚು, ಹೊಣೆ ಎಲ್ಲಾ ಮಾರೋರದ್ದಂತೆ. ದಾಟಿದ ಮೇಲೆ ಮುಳುಗಿದ್ರೂ ತೇಲಿದ್ರೂ ಕೊಂಡೋರದ್ದಂತೆ. ಫ್ರೀ ಅಂದ್ರೆ ಅಷ್ಟೇ ಕಣೇ. ಪೆಟ್ಟಿಗೆ ಹತ್ತಿಸಿಕೊಂಡ್ರು, ನನ್ನ ಇಳಿಸಿದ್ರು."

ನಗು ಉಕ್ಕಿ ಬಂತು. ಮುಖ ನೋಡಿದೆ, ಕಣ್ಣಲ್ಲಿ ನೀರು.

"ಇನ್ನು ಈ ಊರಲ್ಲಿ ಹೆಂಗೆ ತಲೆಯೆತ್ತಿ ತಿರುಗ್ಲಿ? ಮನೆ ಖಾಲಿ ಮಾಡಿ ಬೇರೆ ಕಡೆ ಹೋಗಿಬಿಡಣ" ಎಂದರು.

ಅಷ್ಟರಲ್ಲಿ ಕರಿಬೇವು ಕೀಳಲು ನಮ್ಮ ಹಿತ್ತಿಲಿಗೆ ಬಂದ ಹುಚ್ಚಮ್ಮ ನೋಡೇಬಿಟ್ಟಳು. ಅವಳ ಕಣ್ಣಿಗೆ ಬಿದ್ದರೆ ಡಂಗುರ ಹೊಡೆಸಿದ ಹಾಗೇ. ಕ್ಷಣದಲ್ಲಿ ಹಿತ್ತಿಲ ತುಂಬ ಜನ.

"ಏನೋ ಜಟ್ಟಪ್ಪ, ಲಂಡನ್ನು ಇಷ್ಟು ಹತ್ರಾನಾ?" ಎಂದ ಸುಬ್ಬಪ್ಪ.

"ನನ್ನ ಉಪ್ಪಿನಕಾಯಿ ಮುಟ್ತಾ?" ಎಂದಳು ಹುಚ್ಚಮ್ಮ.

ಇವರು ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಿದ್ದರು. ನನ್ನ ಗಂಡನನ್ನು ಬೈಯಲು ನಾನೊಬ್ಬಳಿದ್ದೇನೆ, ಇವರ್ಯಾರು? ಸೆರಗು ಸಿಕ್ಕಿಸಿ ಮುಂದೆ ಬಂದೆ.

"ನಾನೇ ತಂತಿ ಕೊಟ್ಟು ವಾಪಸ್ ಕರೆಸಿದೆ! ಇವರಿಲ್ದೆ ನಂಗೆ ಅನ್ನ ಸೇರ್ಲಿಲ್ಲ. ನಗೋದಿದ್ರೆ ನನ್ನ ನೋಡಿ ನಗ್ರಿ!"

ನಕ್ಕರು, ಮನಸಾರೆ ನಕ್ಕರು. ಗಂಡನನ್ನು ಸೆರಗಿಗೆ ಗಂಟು ಹಾಕ್ಕೊಂಡವಳು ಎಂದು ಆಡಿಕೊಂಡೇ ಹೋದರು. ತಂತಿಯ ಮಾತು ಸುಳ್ಳು, ಅನ್ನ ಸೇರದ ಮಾತು ಸುಳ್ಳಲ್ಲ.

ಕೈ ಹಿಡಿದು ಇವರನ್ನು ಒಳಗೆಳೆದುಕೊಂಡೆ.

"ನೀನ್ಯಾವಾಗ ತಂತಿ ಕೊಟ್ಯೇ?" ಎಂದರು ಪಿಸುದನಿಯಲ್ಲಿ.

"ಸುಮ್ನಿರ್ರಿ. ಹೊಸ್ತಿಲು ದಾಟಿದೀರಿ. ಇನ್ನು ಮುಳುಗಿದ್ರೂ ತೇಲಿದ್ರೂ ನಂದೇ ಹೊಣೆ."