ಯಾರು ತಟ್ಟಿದರೂ

ಚರ್ರ್ — ಟೇಪು ಬಿಚ್ಚಿಕೊಳ್ಳುವ ಸದ್ದು, ಹೊಸ ಬಟ್ಟೆ ಹರಿದ ಹಾಗೆ, ಅಲ್ಲ, ಗಾಯದ ಮೇಲಿನ ಪಟ್ಟಿಯನ್ನು ಕೂದಲ ಸಮೇತ ಕಿತ್ತ ಹಾಗೆ, ಈ ಮೂಲೆಯಿಂದ ಆ ಮೂಲೆಗೆ ಒಂದು, ಆ ಮೂಲೆಯಿಂದ ಈ ಮೂಲೆಗೆ ಇನ್ನೊಂದು, ನಡುವೆ ಕತ್ತರಿ ಗುರುತು, ಗಾಜಿನಾಚೆ ಸಮುದ್ರ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿದೆ, ಹೆಬ್ಬೆರಳಿಂದ ಒತ್ತು, ಗುಳ್ಳೆ ಉಳಿಯಬಾರದು, ಉಳಿದರೆ ಸೂಪರ್‌ವೈಸರ್ ಕಿತ್ತು ಮತ್ತೆ ಹಚ್ಚಿಸುತ್ತಾನೆ, ಚಂಡಮಾರುತ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ಗುಳ್ಳೆ ಹುಡುಕುತ್ತದೇನೋ, ಏ ಮೂರನೇ ಮಹಡಿ, ನೀಟಾಗಿ ಹಚ್ಚಮ್ಮ, ಅದು ಗಾಜು, ನಿಮ್ಮನೆ ಕಿಟಕಿ ರಟ್ಟಲ್ಲ. ಈ ಹೋಟೆಲಿನಲ್ಲಿ ಅವಳಿಗೆ ಅದೇ ಹೆಸರು, ಗುಡಿಸಿ ಒರೆಸುವ ಮಹಡಿಯೇ ಹೆಸರು, ಹೆತ್ತವರು ಇಟ್ಟದ್ದು ಗೇಟಿನ ಹೊರಗೆ, ಮೊಬೈಲಿನ ಜೊತೆ, ಕಾವಲಿನ ಮೀಸೆ ಮಾವನ ಟ್ರೇಯೊಳಗೆ ಬಿದ್ದಿರುತ್ತದೆ. ಇವತ್ತು ಎಲ್ಲ ಮಹಡಿಗಳೂ ಕೆಳಗಿಳಿದು ರಿಸೆಪ್ಷನ್ ಹಾಲಿನ ಗಾಜಿಗೆ ಟೇಪು ಹಚ್ಚುತ್ತಿವೆ, ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತ ಎರಡನೇ ಮಹಡಿ ನಗುತ್ತಾಳೆ, ನಮ್ಮನೆ ತಗಡಿಗೂ ಎರಡು ತುಂಡು ಕೇಳ್ಲಾ ಕಣೇ, ತಗಡಿಗೆ ಬೇಡ, ಅತ್ತೆ ಬಾಯಿಗಾದ್ರೂ ಆಗುತ್ತೆ, ಅವಳೂ ನಕ್ಕಳು, ನಗುತ್ತಲೇ ಎಡಗೈ ತಾನಾಗಿಯೇ ಎದೆಗೆ ಹೋಯಿತು, ಯೂನಿಫಾರ್ಮಿನ ಒಳಗೆ ದಾರದಲ್ಲಿ ಬೀಗದ ಕೈ, ಬೆವರಿಗೆ ಅಂಟಿಕೊಂಡ ತಣ್ಣನೆಯ ಹಲ್ಲು, ಬೆಳಿಗ್ಗೆ ಇದೇ ಕೈ ಅಮ್ಮನನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿತು, ದಿನಾ ಹಾಕುವ ಕೈ, ಅದಕ್ಕೆ ಚಂಡಮಾರುತ ಗಿಂಡಮಾರುತ ಗೊತ್ತಿಲ್ಲ, ಹಾಕಿ, ಒಮ್ಮೆ ಜಗ್ಗಿ ನೋಡಿ, ಬಸ್ಸಿಗೆ ಓಡುತ್ತದೆ. ನಾಳೆ ಬರುತ್ತದೆ ಎಂದಿದ್ದರು, ನಾಳೆ, ಮಧ್ಯಾಹ್ನಕ್ಕೆ ಮನೆಗೆ ಕಳಿಸುತ್ತೇವೆ ಎಂದಿದ್ದರು, ಮಧ್ಯಾಹ್ನದ ಟೀವಿಯಲ್ಲಿ ಕೋಟು ತೊಟ್ಟವನು ನಗುನಗುತ್ತಾ ಹೇಳಿದ, ವೇಗ ಹೆಚ್ಚಿದೆ, ಸಂಜೆಗೇ ದಡ ಮುಟ್ಟುತ್ತದೆ, ಅಳಿಯ ಬೇಗ ಬರುತ್ತಿದ್ದಾನೆ ಎನ್ನುವಂತೆ ಹೇಳಿದ. ಹಾಗಾದರೆ ಬಿಡಿ ಸಾರ್ ಎಂದು ಎಲ್ಲ ಮಹಡಿಗಳೂ ಒಟ್ಟಿಗೆ ಕೇಳಿದವು, ಗಾಜು ಮುಗಿಸಿ ಹೋಗಿ, ಅಷ್ಟೇ ತಾನೇ, ಸಮುದ್ರದ ಕಡೆಯದು ಪೂರ್ತಿ ಬಾಕಿ ಇದೆ. ತಂಗಿದ್ದವರನ್ನೆಲ್ಲ ನಿನ್ನೆಯೇ ಏಸಿ ಬಸ್ಸು ಹತ್ತಿಸಿ, ಕೈಗೆ ನೀರಿನ ಬಾಟಲಿ ಕೊಟ್ಟು ಕಳಿಸಿದರು, ಮ್ಯಾನೇಜರ್ ತನ್ನ ನಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ, ಬೆಲ್ಟು ಬಿಗಿದಿದ್ದ ನಾಯಿಗೆ. ಉಳಿದದ್ದು ಗಾಜು, ಗಾಜು ಕಾಯಲು ಇವರು. ಇನ್ನೊಂದು ಹಚ್ಚಿದರೆ ಒಂದು ಕಮ್ಮಿ, ಇನ್ನೊಂದು, ಉಸಿರು ಎಳೆದುಕೊ, ಬಿಡು, ಚರ್ರ್.

ಅಮ್ಮ ಈಗ ಏನು ಮಾಡುತ್ತಿರುತ್ತಾಳೆ, ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾಳೆ, ಬಿಸ್ಕತ್ತಿನ ಡಬ್ಬಿ ಪಕ್ಕಕ್ಕಿದೆ, ಚೊಂಬಿನಲ್ಲಿ ನೀರಿದೆ, ತಗಡಿನ ಮೇಲೆ ಕಲ್ಲು ಹೇರಿದ್ದೇನೆ, ಕಲ್ಲು ಹಾರುತ್ತದೆಯೇ, ಕಲ್ಲು ಹಾರುವಂಥ ಗಾಳಿ ಬಂದರೆ ಅದೇ ಕಲ್ಲು — ಬೇಡ, ಹೆಬ್ಬೆರಳು, ಒತ್ತು. ಮಾರ್ಕೆಟ್ಟಿನಲ್ಲಿ ಅಮ್ಮನಿಗೆ ಕಹಳೆ ಎಂದು ಹೆಸರಿತ್ತು, ತರಕಾರಿ ಬುಟ್ಟಿ ಇಳಿಸಿ ಒಂದು ಸಲ ಕೂಗಿದರೆ ನಾಲ್ಕು ಬೀದಿಯ ಹೆಂಗಸರು ಚೀಲ ಹಿಡಿದು ಬರುತ್ತಿದ್ದರು, ಮಾರ್ಕೆಟ್ ಒಡೆಯಲು ಜೆಸಿಬಿ ಬಂದ ದಿನ ಅದರ ಹಲ್ಲಿನ ಮುಂದೆಯೇ ಬುಟ್ಟಿ ಬೋರಲು ಹಾಕಿ ಕೂತು ಕೂಗಿದ್ದಳು, ಏನಂತ ಕೂಗಿದಳೋ ಯಾರಿಗೂ ನೆನಪಿಲ್ಲ, ಡ್ರೈವರು ಇಂಜಿನ್ ಆರಿಸಿ ಇಳಿದು ಬೀಡಿ ಹಚ್ಚಿದ್ದು ಎಲ್ಲರಿಗೂ ನೆನಪಿದೆ, ಆಮೇಲೆ ಒಡೆದರು ಬಿಡಿ, ಅಮ್ಮ ಜ್ವರದಲ್ಲಿ ಮಲಗಿದ್ದ ವಾರ ನೋಡಿಕೊಂಡು ಒಡೆದರು. ಆ ಗಂಟಲು. ಆ ಗಂಟಲಿಗೆ ಮಗಳು ಬೀಗ ಹಾಕಿದಳು. ಬುದ್ಧಿ ಒಂದೊಂದೇ ದೀಪ ಆರಿಸುತ್ತಾ ಬಂದಾಗ, ಅಮ್ಮ ಬಾಗಿಲು ತೆರೆದಿದ್ದರೆ ಸಾಕು ಬುಟ್ಟಿ ಎಲ್ಲಿ ಎಂದು ಹೊರಟುಬಿಡುತ್ತಿದ್ದಳು, ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ, ಒಮ್ಮೆ ನೀರಿನಲ್ಲಿ ಮೊಣಕಾಲವರೆಗೆ ನಿಂತು, ಬೀನ್ಸ್ ಬೀನ್ಸ್ ಎಂದು ಅಲೆಗಳಿಗೆ ಕೂಗುತ್ತಿದ್ದಳು. ಮನೆ ಮಾಲೀಕ ಹಲ್ಲು ಕಡ್ಡಿ ಆಡಿಸುತ್ತಾ ಹೇಳಿದ, ನೋಡಮ್ಮ, ಬಾಡಿಗೆ ಕೊಟ್ಟಿದ್ದು ಸಂಸಾರಸ್ಥರಿಗೆ, ಹುಚ್ಚಾಸ್ಪತ್ರೆಗಲ್ಲ, ಇನ್ನೊಂದು ಸಲ ಬೀದೀಲಿ ಕಂಡ್ರೆ ಪಾತ್ರೆ ಪಡಗ ಹೊರಗಿಡ್ತೀನಿ. ಮರೆವಿನ ತಾಯಿಯನ್ನು ಇಟ್ಟುಕೊಂಡವಳಿಗೆ ಈ ಊರಿನಲ್ಲಿ ಇನ್ನೊಂದು ಮನೆ ಯಾರು ಕೊಡುತ್ತಾರೆ, ಕೇಳಿ ನೋಡಿದ್ದಾಳೆ, ನಾಯಿ ಇದ್ದರೆ ಕೊಡುತ್ತಾರೆ, ಚಪ್ಪಲಿ ಕಚ್ಚದ ಹಾಗೆ ನೋಡಿಕೊಳ್ಳಿ ಎನ್ನುತ್ತಾರೆ. ಅದಕ್ಕೇ ಸುಳ್ಳು ಹೇಳಿದಳು, ಅಮ್ಮ ಹಗಲೆಲ್ಲ ಚಿಕ್ಕಮ್ಮನ ಮನೇಲಿರ್ತಾಳೆ, ಮಾಲೀಕನಿಗೂ ಅದೇ, ಪಕ್ಕದ ಮನೆ ಟೈಲರಕ್ಕನಿಗೂ ಅದೇ, ನಸುಕಿನಲ್ಲೇ ಬಿಟ್ಟು ಬಂದೆ ಅಕ್ಕ. ಅಮ್ಮನಿಗೆ ಪಾಠ ಬೇರೆ. ನೋಡಮ್ಮ, ಯಾರು ತಟ್ಟಿದ್ರೂ ಉಸಿರೆತ್ಬಾರ್ದು, ಎಲ್ಲಿ, ಬಾಯ ಮೇಲೆ ಬೆರಳಿಡು, ಹಾಂ, ತಾನೇ ಹೊರಗೆ ಹೋಗಿ ತಟ್ಟಿ, ಒಳಗೆ ಬಂದು, ಸುಮ್ಮನಿದ್ದರೆ ಒಂದು ಬಿಸ್ಕತ್ತು, ತಟ್ಟಿ, ಬಂದು, ಬಿಸ್ಕತ್ತು, ಮಳೆಗಾಲ ಪೂರ್ತಿ ಅದೇ ಆಟ. ಮಗಳ ಹೆಸರು ಮರೆತಳು, ಗಂಡ ಸತ್ತದ್ದು ಮರೆತಳು, ಉಂಡದ್ದು ಮರೆತಳು, ಇದೊಂದು ಮರೆಯಲಿಲ್ಲ. ತಟ್ಟಿದ ಸದ್ದಾದರೆ ಸಾಕು, ಗೋಡೆಗೆ ಒರಗಿ, ಕಣ್ಣು ಅಗಲ ಮಾಡಿ, ತುಟಿಯ ಮೇಲೆ ಬೆರಳು, ಏಟು ತಪ್ಪಿಸಿಕೊಂಡ ಮಗುವಿನ ಹಾಗೆ.

ಎರಡನೇ ಮಹಡಿ ಕುರ್ಚಿಯಿಂದ ಇಳಿದು ಬಕೆಟ್ಟಿನ ಒರೆಸುಬಟ್ಟೆ ಬಿಡಿಸಿದಳು, ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲು, ಟ್ರೇಗೆ ಹಾಕೋದು ಹಳೇದು ಕಣೇ, ಕೆಟ್ಟಿರೋದು, ಇದು ಜೀವ ಇರೋದು, ತಗೋ ಮಾಡು, ಬೆಳಗಿಂದ ಎದೆ ಕೆರ್ಕೋತಾ ಇದೀಯ. ಕಂಬದ ಮರೆ, ಟೈಲರಕ್ಕನ ನಂಬರು. ಹೋಗುತ್ತಿಲ್ಲ, ಹೋಗುತ್ತಿಲ್ಲ, ಹೋಯಿತು, ಹಲೋ ಯಾರು, ಓ ನೀನಾ, ನಾವೆಲ್ಲ ಸ್ಕೂಲಿಗೆ ಬಂದ್ಬಿಟ್ವಿ ಕಣೇ, ಬಸ್ಸಲ್ಲಿ ಕರ್ಕೊಂಡ್ಬಂದ್ರು, ಮಕ್ಕಳ ಬೆಂಚು, ಕೂತ್ರೆ ಎದ್ದೇಳೋಕಾಗಲ್ಲ, ನನ್ನ ಮೆಷಿನ್ ಒಂದು ಅಲ್ಲೇ ಉಳೀತು ನೋಡು, ನೀವು ಯಾವ ಸ್ಕೂಲಲ್ಲಿದೀರಿ. ಟೈಲರಕ್ಕ, ಅಮ್ಮ ಮನೇಲಿದಾಳೆ. ಯಾವ ಮನೇಲಿ, ಚಿಕ್ಕಮ್ಮನ ಮನೇಲಾ. ಇಲ್ಲ ಅಕ್ಕ, ನಮ್ಮನೇಲಿ, ಒಳಗೆ, ದಿನಾ ಒಳಗೇ ಇರ್ತಿದ್ಳು. ಆ ಕಡೆ ಮಕ್ಕಳ ಗಲಾಟೆ, ಬೆಂಚು ಎಳೆದ ಸದ್ದು, ಯಾರೋ ಕೆಮ್ಮಿದರು. ಬೀಗ ಇತ್ತಲ್ಲೇ, ಎಂದಳು ಟೈಲರಕ್ಕ. ಹೂಂ. ಬೀಗ ಇತ್ತು, ನಾನೇ ತೋರಿಸ್ದೆ, ಆ ಬಸ್ಸಿನ ಹುಡುಗರು ಬಾಗಿಲು ಬಾಗಿಲು ತಟ್ಕೊಂಡು ಬಂದ್ರು, ನಿಮ್ದೂ ತಟ್ಟಿದ್ರು, ತುಂಬ ಹೊತ್ತು ತಟ್ಟಿದ್ರು ಕಣೇ, ಒಳಗೆ ಯಾರಾದ್ರೂ ಇದೀರಾ, ಇದ್ರೆ ಕೂಗಿ ಅಂತ ಕಿರುಚಿದ್ರು, ಒಂದು ಸದ್ದಿಲ್ಲ, ನಾನೇ ಹೇಳ್ದೆ, ಬೀಗ ಕಾಣಲ್ವಾ ನಿಮಗೆ, ತಾಯಿ ಮಗಳು ಇಬ್ರೂ ಇಲ್ಲ, ಹೊತ್ತು ಹಾಳು ಮಾಡ್ಬೇಡಿ ಅಂತ, ಅವರು ಬಾಗಿಲಿಗೆ ಸೀಮೆಸುಣ್ಣದಲ್ಲಿ ಕತ್ತರಿ ಹಾಕಿ ಹೋದ್ರು, ಖಾಲಿ ಮನೆ ಅಂತ, ಅಯ್ಯೋ ನನ್ನ ಬಾಯಿಗೆ ಹುಳ ಬೀಳ, ಒಂದು ಮಾತು ನನಗೆ ಹೇಳಿದ್ರೆ ಏನೇ ಆಗ್ತಿತ್ತು, ನಾನೇನು ಮಾಲೀಕನ ಮಗಳಾ. ಅಕ್ಕ, ಮತ್ತೆ ಕಳಿಸು ಅವರನ್ನ, ಬೀಗ ಒಡೀಲಿ. ಬಸ್ಸು ಬೇರೆ ಕಡೆ ಹೋಯ್ತಲ್ಲೇ, ಇಲ್ಲಿ ಪೊಲೀಸಪ್ಪ ಗೇಟು ಹಾಕಿದಾನೆ, ಕೇಳ್ತೀನಿ, ತಾಳು, ಕಾಲಿಗಾದ್ರೂ — ಆಮೇಲೆ ಬರೀ ಕುಯ್ಯ್ ಸದ್ದು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಇವಳು ಕೊಳ್ಳೆಗೆ ಮೊದಲೇ ಹಾಕಿದಳು, ಕೋಟೆಯೊಳಗೆ ಮುದುಕಿಯನ್ನು ಕೂರಿಸಿ. ಕತ್ತರಿ ಗುರುತು. ಈ ಗಾಜಿಗೆ ಹಚ್ಚಿದ ಕತ್ತರಿ ಅಂದರೆ ಇದು ಉಳಿಯಬೇಕು ಎಂದು, ಆ ಬಾಗಿಲಿಗೆ ಬರೆದ ಕತ್ತರಿ ಅಂದರೆ ಇಲ್ಲಿ ಉಳಿಸುವಂಥದ್ದು ಏನಿಲ್ಲ ಎಂದು.

ಸಾರ್, ನಾನು ಹೋಗ್ಬೇಕು, ಸೂಪರ್‌ವೈಸರ್ ಕಿವಿಗೆ ಫೋನು ಒತ್ತಿಕೊಂಡು ಯಜಮಾನರ ಜೊತೆ ಮಾತಾಡುತ್ತಿದ್ದಾನೆ, ಹೌದು ಸಾರ್, ಮುಗೀತಾ ಬಂತು ಸಾರ್, ಸ್ಟಾಫು ಎಲ್ಲ ಇಲ್ಲೇ ಸೇಫಾಗಿದಾರೆ ಸಾರ್, ಸಾರ್ ನಮ್ಮಮ್ಮ ಮನೇಲಿ, ಅವನು ಇವಳತ್ತ ನೋಡದೆಯೇ ತುಟಿಯ ಮೇಲೆ ಬೆರಳಿಟ್ಟ. ಶ್. ಅಷ್ಟೇ. ಅಮ್ಮನಿಗೆ ಕಲಿಸಿದ ಬೆರಳು, ಅದೇ ಬೆರಳು, ಇವನಿಗೆ ಯಾರು ಕಲಿಸಿದರು, ಬಿಸ್ಕತ್ತು ಕೊಟ್ಟು ಕಲಿಸಿದರೋ, ಸಂಬಳ ಕೊಟ್ಟೋ. ಅವಳು ಬಾಗಿಲಿಗೆ ಓಡಿದಳು, ಮೀಸೆ ಮಾವ ಬಾಗಿಲ ಹಿಡಿಗೆ ಸರಪಳಿ ಸುತ್ತಿ ಕೂತಿದ್ದಾನೆ, ಬೇಡಮ್ಮ, ಒಬ್ಬರನ್ನ ಬಿಟ್ರೆ ಎಲ್ಲರೂ ಹೋಗ್ತಾರೆ, ಗಾಜು ಯಾರು ನೋಡ್ಕೋತಾರೆ ಅಂತಾರೆ, ಬೀಗದ ಕೈ ಸೂಪರ್‌ವೈಸರ್ ಹತ್ರ ಇದೆ, ನನ್ನನ್ನ ಯಾಕೆ ಸಾಯಿಸ್ತೀಯ, ನಾನೂ ಒಳಗೇ ತಾನೇ ಇರೋದು. ಮಾವ, ನಮ್ಮಮ್ಮ. ಎಲ್ಲರ್ಗೂ ಅಮ್ಮ ಇದಾಳಮ್ಮ. ಹೌದು, ಎಲ್ಲರಿಗೂ ಅಮ್ಮ ಇದ್ದಾಳೆ, ಎಲ್ಲರ ಅಮ್ಮನೂ ಯಾವುದೋ ಬೀಗದ ಆಚೆ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ, ಒಳ್ಳೆಯ ಹೆಂಗಸು, ಗಲಾಟೆ ಇಲ್ಲ. ಸಮುದ್ರದ ಕಡೆಯ ದೊಡ್ಡ ಗಾಜು ನಡುಗುತ್ತಿದೆ, ಅದರಾಚೆ ಮರಳು, ಸೊಂಟದೆತ್ತರದ ಗೋಡೆ, ಗೋಡೆ ದಾಟಿದರೆ ದಡದ ದಾರಿ, ಬಸ್ಸಿನ ಹಾಗೆ ಸುತ್ತುವುದಿಲ್ಲ, ದಾರಿಯ ತುದಿಗೆ ಮನೆ, ಮುಟ್ಟುವ ಹಾಗೆ ಇದೆ, ಅವಳೇ ಹಚ್ಚಿದ ಕತ್ತರಿ ಅದರ ಮೇಲೆ, ಒಂದು ಗುಳ್ಳೆಯೂ ಇಲ್ಲದ ಕೆಲಸ. ಗೋಡೆಯ ಮೂಲೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು, ದಿನಾ ಒರೆಸುತ್ತಾಳೆ, ಇಷ್ಟು ಭಾರ ಎಂದು ಗೊತ್ತೇ ಇರಲಿಲ್ಲ, ಏ ಮೂರನೇ ಮಹಡಿ, ಏ ಏನ್ ಮಾಡ್ತಿದೀಯೇ, ಮೊದಲ ಏಟಿಗೆ ಏನೂ ಆಗಲಿಲ್ಲ, ಎರಡನೇ ಮಹಡಿ ಬಂದು ಕೆಳಗಿನಿಂದ ಕೈ ಕೊಟ್ಟಳು, ಮೂಲೆಗೆ ಹೊಡಿಯೇ, ಮೂಲೆಗೆ, ಎರಡನೆಯದಕ್ಕೆ ಗಾಜು ಪೂರ್ತಿ ಬೆಳ್ಳಗಾಯಿತು, ಕಲ್ಲುಸಕ್ಕರೆಯ ಹಾಗೆ, ಆದರೂ ಬೀಳಲಿಲ್ಲ, ಟೇಪು ಹಿಡಿದುಕೊಂಡಿತ್ತು, ಅವಳ ಹೆಬ್ಬೆರಳು ಒತ್ತಿದ ಟೇಪು, ಅವಳು ಭುಜ ಕೊಟ್ಟು ಅದರೊಳಗಿನಿಂದ ನುಗ್ಗಿದಳು, ನುಗ್ಗಿದ್ದೇ ಗಾಳಿ ಒಳಗೆ ಬಂತು, ಹಿಂದೆ ಹೂದಾನಿಗಳು ಒಂದೊಂದಾಗಿ ಉರುಳಿದ ಸದ್ದು, ಹೌದು ಸಾರ್, ಹೇಳಿ ಈಗ ಯಜಮಾನರಿಗೆ, ಸೇಫಾಗಿದ್ದಾರೆ ಎಲ್ಲರೂ.

ಮರಳು ಮುಖಕ್ಕೆ ಸೂಜಿಯ ಹಾಗೆ, ಕಣ್ಣು ಬಿಟ್ಟರೆ ಉರಿ, ಮುಚ್ಚಿದರೆ ದಾರಿ ಇಲ್ಲ, ಮೊಣಕೈಯಿಂದ ಬೆಚ್ಚಗೆ ಇಳಿಯುತ್ತಿರುವುದು ನೀರಲ್ಲ, ಇರಲಿ, ಕೊರಳ ದಾರ ಕಿತ್ತು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಓಡು, ಓಡುತ್ತಿದ್ದಾಳೆ ಅಂದುಕೊಳ್ಳುತ್ತಾಳೆ, ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತದೆ, ಒಂದು ದೋಣಿ ಮಗುಚಿ ಅವಳ ಜೊತೆಯೇ ಸ್ವಲ್ಪ ದೂರ ಬಂತು, ಎಲ್ಲಿಂದಲೋ ಬಿಚ್ಚಿಕೊಂಡ ತಗಡು ತಲೆಯ ಮೇಲೆ ಹಾಳೆಯ ಹಾಗೆ ಹೋಯಿತು, ಯಾರ ಮನೆಯದು, ನೀಲಿ ಬಣ್ಣ, ನಮ್ಮದು ನೀಲಿ ಅಲ್ಲ, ಅಲ್ಲ, ಪಕ್ಕದ್ದು ನೀಲಿ, ಟೈಲರಕ್ಕನದು ನೀಲಿ. ಅಮ್ಮಾ ಎಂದು ಕೂಗಿದಳು, ಇಲ್ಲಿಂದ ಕೇಳುತ್ತದೆಯೇ, ಅಮ್ಮನ ಗಂಟಲಿದ್ದರೆ ಕೇಳುತ್ತಿತ್ತು, ಕೂಗಮ್ಮ, ನೀನು ಕೂಗು, ಬೀನ್ಸ್ ಅಂತಾದರೂ ಕೂಗು, ಜೆಸಿಬಿ ಬಂದಿದೆ ಅಂದುಕೊ, ನಾನು ಹೇಳಿದ್ದು ಸುಳ್ಳು, ಕೂಗಿದರೆ ಬಿಸ್ಕತ್ತು ಕೊಡ್ತೀನಿ, ಡಬ್ಬಿ ಪೂರ್ತಿ ನಿನಗೇ. ಯಾರೂ ಕೂಗಲಿಲ್ಲ. ಗಾಳಿ ಬೀದಿಯ ಬಾಗಿಲು ಬಾಗಿಲು ತಟ್ಟುತ್ತಿದೆ, ದಪ ದಪ, ಬಸ್ಸಿನ ಹುಡುಗರಿಗಿಂತ ಜೋರಾಗಿ, ಒಂದನ್ನೂ ಬಿಡದೆ, ಅಂದರೆ ಅವಳ ಬಾಗಿಲನ್ನೂ ತಟ್ಟುತ್ತಿದೆ, ಅಂದರೆ ಒಳಗೆ ಈಗ, ಗೋಡೆಗೆ ಒರಗಿ, ತಗಡು ಏಳುತ್ತಿದ್ದರೂ, ನೀರು ಹೊಸ್ತಿಲು ದಾಟಿದ್ದರೂ, ಕಣ್ಣು ಅಗಲ ಮಾಡಿ, ನಾನೇ ಹೋಗಿ ತಟ್ಟಿದರೂ, ನಾನೇ ಅಮ್ಮಾ ಎಂದರೂ, ಯಾರು ತಟ್ಟಿದರೂ — ತುಟಿಯ ಮೇಲೆ ಬೆರಳು, ಬಿಸ್ಕತ್ತಿಗೆ ಕಾಯುತ್ತಿರುವ ಆ ಬೆರಳು, ತುಟಿಯ ಮೇಲೆ, ಬೆರಳು.